ಮೂವತ್ತೈದು ದಾಟಿದ ಮೇಲೆ ಎರಡನೆಯ ಮಗು: ಎಷ್ಟು ಕಾಯಬೇಕು, ಎಷ್ಟು ಕಾಯಬಹುದು?

ತೀರ್ಥಹಳ್ಳಿಯ ಮಗಳು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನಗೆ ಈಗ 36 ವರ್ಷ. ಮದುವೆಯಾದದ್ದು 33ಕ್ಕೆ. ಮಗಳು ಹುಟ್ಟಿ ಒಂಬತ್ತು ತಿಂಗಳಾಯಿತು, ಹೆರಿಗೆ ಸಿಸೇರಿಯನ್ ಆಗಿತ್ತು. ನಮಗೆ ಇನ್ನೊಂದು ಮಗು ಬೇಕೆಂಬ ಆಸೆ ಇದೆ. ಆದರೆ ಯಾವಾಗ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅತ್ತೆಯವರು, ವಯಸ್ಸು ಯಾರಿಗಾಗಿಯೂ ನಿಲ್ಲುವುದಿಲ್ಲ, ತೊಟ್ಟಿಲು ಕಟ್ಟಿರುವಾಗಲೇ ಇನ್ನೊಂದು ಆಗಲಿ, ಎರಡೂ ಜೊತೆಯಲ್ಲಿ ಬೆಳೆಯುತ್ತವೆ ಎನ್ನುತ್ತಾರೆ. ಹೆರಿಗೆ ಮಾಡಿಸಿದ ವೈದ್ಯರು ಎರಡು ವರ್ಷ ಕಾಯಲು ಹೇಳಿದ್ದಾರೆ. ಮತ್ತೊಂದು ಕಡೆ ತೋರಿಸಿದಾಗ, ಉಳಿದಿರುವ ಅಂಡಾಣುಗಳನ್ನು ಅಂದಾಜು ಮಾಡುವ ಎಎಂಎಚ್ ರಕ್ತಪರೀಕ್ಷೆ ಮಾಡಿಸಿ, ಸಂಖ್ಯೆ ಕಡಿಮೆ ಇದೆ, ಒಂದು ತಿಂಗಳನ್ನೂ ಕಳೆದುಕೊಳ್ಳಬೇಡಿ ಎಂದು ಹೆದರಿಸಿ ಕಳುಹಿಸಿದರು. ತವರಿನಲ್ಲಿ ಮಾತ್ರ ಯಾರಿಗೂ ಅವಸರವಿಲ್ಲ. ನಿನ್ನ ಅಜ್ಜಿ 42ಕ್ಕೆ ಹೆತ್ತಿದ್ದರು, ಹತ್ತು ಹೆರಿಗೆ ಮನೆಯಲ್ಲೇ ಆಯಿತು, ನಿನಗೇನು ಭಯ ಎನ್ನುತ್ತಾರೆ.

ಬೇಗ ಆಗಲಿ ಎನ್ನುವ ಮಾತೂ ಕಾಯಬೇಕು ಎನ್ನುವ ಮಾತೂ ಎರಡೂ ನನ್ನ ಒಳ್ಳೆಯದಕ್ಕೇ ಎಂದು ಗೊತ್ತಿದೆ. ನನ್ನ ವಯಸ್ಸಿನ ಹೆಂಗಸಿಗೆ ಇವೆರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಜನಸಂಖ್ಯಾ ಅಧ್ಯಯನದ ವಿದ್ಯಾರ್ಥಿ, ಧಾರವಾಡ

ಮೇಡಂ, ನಾನು ವೈದ್ಯನಲ್ಲ, ಆದ್ದರಿಂದ ನಿಮ್ಮ ದೇಹದ ಬಗ್ಗೆ ಸಲಹೆ ಕೊಡುವುದಿಲ್ಲ. ನಿಮ್ಮ ಅಜ್ಜಿಯ ಉದಾಹರಣೆಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಹೆಚ್ಚಿನ ಮನೆಗಳಲ್ಲಿ ಇದೇ ಉದಾಹರಣೆ ತಪ್ಪು ಧೈರ್ಯ ಕೊಡುತ್ತದೆ.

ದಂಪತಿಗಳು ಇಷ್ಟು ಮಕ್ಕಳು ಸಾಕು ಎಂದು ಲೆಕ್ಕ ಹಾಕಿ ತಡೆಯದೆ ಇರುವ ಸಮಾಜದ ಹೆರಿಗೆಯ ಪ್ರಮಾಣವನ್ನು ಸಹಜ ಫಲವತ್ತತೆ ಎಂದು ಕರೆಯುತ್ತಾರೆ. ಈ ಪರಿಕಲ್ಪನೆಯನ್ನು ರೂಪಿಸಿದವರು ಫ್ರಾನ್ಸಿನ ಲೂಯಿ ಆನ್ರಿ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಹಟರೈಟ್ ಸಮುದಾಯದ್ದು. ಇವರು 1870ರ ದಶಕದಲ್ಲಿ ರಷ್ಯಾದ ಕಡೆಯಿಂದ ಅಮೆರಿಕದ ಡಕೋಟಾ ಪ್ರದೇಶಕ್ಕೆ ವಲಸೆ ಹೋಗಿ, ಮುಂದೆ ಕೆನಡಾದಲ್ಲಿಯೂ ನೆಲೆಸಿದ ಕ್ರೈಸ್ತ ಪಂಗಡದವರು. ಆಸ್ತಿಯೆಲ್ಲ ಸಾಮೂಹಿಕ, ಗರ್ಭನಿರೋಧ ಅವರಿಗೆ ನಿಷಿದ್ಧವಾಗಿತ್ತು. ಊಟ, ಆರೈಕೆ, ವೈದ್ಯಕೀಯ ಸೌಲಭ್ಯ ಯಾವುದಕ್ಕೂ ಕೊರತೆ ಇರಲಿಲ್ಲ. 20ನೆಯ ಶತಮಾನದ ನಡುವಿನಲ್ಲಿ ಅವರ ಒಬ್ಬ ವಿವಾಹಿತ ಸ್ತ್ರೀಗೆ ಸರಾಸರಿ ಹತ್ತಕ್ಕಿಂತ ಹೆಚ್ಚು ಮಕ್ಕಳಿದ್ದರು.

ಕ್ರಿಸ್ಟೋಫರ್ ಟೀಟ್ಸೆ ಎಂಬ ವೈದ್ಯರು 1957ರಲ್ಲಿ ಈ ಸಮುದಾಯದ 209 ಸ್ತ್ರೀಯರ ಹೆರಿಗೆಯ ವಿವರವನ್ನು ಪ್ರಕಟಿಸಿದರು. ಕೊನೆಯ ಹೆರಿಗೆಯ ಸರಾಸರಿ ವಯಸ್ಸು ಸುಮಾರು 41. ಇಷ್ಟನ್ನು ಮಾತ್ರ ಓದಿದರೆ ನಿಮ್ಮ ತವರಿನವರ ಮಾತೇ ಸರಿ ಎನಿಸುತ್ತದೆ. ಆದರೆ ಅದೇ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡಿ: 34 ದಾಟಿದ ಮೇಲೆ ಒಂದೂ ಮಗುವಾಗದವರು 100ಕ್ಕೆ 11 ಮಂದಿ, 40 ದಾಟಿದ ಮೇಲೆ ಆಗದವರು 33 ಮಂದಿ, 45ರ ನಂತರ ಆಗದವರು 87 ಮಂದಿ. ತಡೆಯುವ ಉದ್ದೇಶವೇ ಇಲ್ಲದ, ಉಂಡುಟ್ಟು ಗಟ್ಟಿಯಾಗಿದ್ದ, ಅದಕ್ಕೂ ಮುಂಚೆ ಹಲವು ಮಕ್ಕಳನ್ನು ಹೆತ್ತು ತಮ್ಮ ಫಲವತ್ತತೆಯನ್ನು ತೋರಿಸಿಕೊಟ್ಟಿದ್ದ ಹೆಂಗಸರಲ್ಲಿಯೇ ಮೂರರಲ್ಲಿ ಒಬ್ಬರಿಗೆ ನಲವತ್ತರ ಹೊತ್ತಿಗೆ ಹೆರಿಗೆ ನಿಂತುಹೋಗಿತ್ತು.

ಊರಿನಲ್ಲಿ 42ಕ್ಕೆ ಹೆತ್ತ ಅಜ್ಜಿಯನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಅದೇ ಕೇರಿಯಲ್ಲಿ 35ಕ್ಕೆ ತಾನಾಗಿ ಹೆರಿಗೆ ನಿಂತವಳ ಕಥೆಯನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಅವಳ ಮನೆಯಲ್ಲಿ ಏಳು ಮಕ್ಕಳಿರುತ್ತಿದ್ದವು, ಎಂಟನೆಯದು ಬರಲಿಲ್ಲವೆಂದು ಯಾರೂ ಮರುಗಲಿಲ್ಲ. ಈಗ 35ಕ್ಕೆ ಮೊದಲನೆಯದನ್ನೋ ಎರಡನೆಯದನ್ನೋ ಬಯಸುವವರಿಗೆ ಅದೇ ನಿಲುಗಡೆ ದೊಡ್ಡ ದುಃಖವಾಗುತ್ತದೆ. ಸಾಧ್ಯವಾದರೆ ನಿಮ್ಮ ಅಜ್ಜಿಯ ಹತ್ತು ಹೆರಿಗೆಗಳ ವರ್ಷಗಳನ್ನು ಬರೆದು ಹಾಕಿ. ಹೆರಿಗೆಗಳ ನಡುವಿನ ಅಂತರ ಹೇಗೆ ಬದಲಾಗಿದೆ ಎಂಬುದನ್ನು ನೋಡೋಣ.

ದಾವಣಗೆರೆಯ ಅಕ್ಕ

ತಂಗಿ, ಅಂಕಿಅಂಶಗಳನ್ನು ಓದಿ ಗಾಬರಿಯಾಗಬೇಡ. ನನಗೆ 37ಕ್ಕೆ ಮಗ, 38ಕ್ಕೆ ಮಗಳು. ಇಬ್ಬರ ನಡುವೆ ಹದಿಮೂರೇ ತಿಂಗಳು. ಕಂಕುಳಲ್ಲೊಂದು, ಹೊಟ್ಟೆಯಲ್ಲೊಂದು ಎಂದು ನೆಂಟರೆಲ್ಲ ಆಡಿಕೊಂಡರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡೂ ಮಕ್ಕಳು ಚೆನ್ನಾಗಿವೆ, ನಾನೂ ಚೆನ್ನಾಗಿದ್ದೇನೆ. ಕಾಯುತ್ತಾ ಕುಳಿತಿದ್ದರೆ ನನಗೆ ಎರಡನೆಯದು ಆಗುತ್ತಲೇ ಇರಲಿಲ್ಲವೇನೋ ಎಂಬ ಯೋಚನೆ ಇವತ್ತಿಗೂ ಬರುತ್ತದೆ. ನಿನ್ನ ಅತ್ತೆ ಹೇಳುವುದರಲ್ಲಿ ತಪ್ಪೇನೂ ಇಲ್ಲ.

ವ್ಯಾಂಕೂವರ್ ಕನ್ನಡತಿ

ಅಕ್ಕಾ, ನಿಮ್ಮ ಮಕ್ಕಳು ಚೆನ್ನಾಗಿರುವುದು ಸಂತೋಷದ ವಿಷಯ. ನನ್ನದು ಬೇರೆಯೇ ಅನುಭವ. 37ಕ್ಕೆ, ಮೊದಲ ಹೆರಿಗೆಯಾದ ಏಳನೆಯ ತಿಂಗಳಿಗೆ, ಯೋಜನೆಯಿಲ್ಲದೆ ಎರಡನೆಯದು ನಿಂತಿತು. ಎದೆಹಾಲು ಕೊಡುತ್ತಿದ್ದೆ, ಮುಟ್ಟು ಮರಳಿ ಬಂದಿರಲಿಲ್ಲ, ಆದ್ದರಿಂದ ಗರ್ಭ ನಿಲ್ಲುವುದಿಲ್ಲವೆಂದು ನಂಬಿದ್ದೆ. ಮಗ ಎಂಟು ತಿಂಗಳಿಗೆ ಹುಟ್ಟಿ ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದ. ನನ್ನ ಹಾಲನ್ನು ನಳಿಗೆಯಲ್ಲಿ ಕೊಡುತ್ತಿದ್ದರು. ಮನೆಯಲ್ಲಿ ದೊಡ್ಡವಳು ಅದೇ ಹಾಲಿಗಾಗಿ ಅಳುತ್ತಿದ್ದಳು. ಅದಕ್ಕೆ ಕಡಿಮೆ ಅಂತರವೇ ಕಾರಣ ಎಂದು ಯಾವ ವೈದ್ಯರೂ ಹೇಳಲಿಲ್ಲ, ಒಬ್ಬರ ವಿಷಯದಲ್ಲಿ ಹಾಗೆ ಹೇಳಲು ಬರುವುದೂ ಇಲ್ಲ.

ಆದರೆ ನಾನಿರುವ ಈ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿಯೇ ಇದರ ಬಗ್ಗೆ ದೊಡ್ಡ ಅಧ್ಯಯನವೊಂದು ನಡೆದಿದೆ, 2018ರಲ್ಲಿ ಪ್ರಕಟವಾಯಿತು. 2004ರಿಂದ 2014ರವರೆಗಿನ ಸುಮಾರು 1.48 ಲಕ್ಷ ಗರ್ಭಧಾರಣೆಗಳ ದಾಖಲೆಗಳನ್ನು ಪರಿಶೀಲಿಸಿ, ತಾಯಿಯ ವಯಸ್ಸಿನ ಪ್ರಕಾರ ಬೇರೆ ಬೇರೆಯಾಗಿ ಲೆಕ್ಕ ಹಾಕಿದರು. ಹೆರಿಗೆಯಾದ ಆರು ತಿಂಗಳಿಗೇ ಮತ್ತೆ ಗರ್ಭ ನಿಂತ, 35 ದಾಟಿದ ತಾಯಂದಿರಲ್ಲಿ ಪ್ರಾಣಾಪಾಯ ಅಥವಾ ಅತಿ ಗಂಭೀರ ತೊಂದರೆ ಸಾವಿರಕ್ಕೆ ಸುಮಾರು 6 ಮಂದಿಗೆ ಆಗಿತ್ತು. ಹದಿನೆಂಟು ತಿಂಗಳು ಬಿಟ್ಟವರಲ್ಲಿ ಅದು ಸಾವಿರಕ್ಕೆ 3ಕ್ಕಿಂತ ಕಡಿಮೆ. 20ರಿಂದ 34ರ ವಯಸ್ಸಿನ ತಾಯಂದಿರಲ್ಲಿ ಹೀಗೆ ತಾಯಿಗೆ ಅಪಾಯ ಏರಿದ್ದು ಕಾಣಲಿಲ್ಲ, ಅವರಲ್ಲಿ ತೊಂದರೆ ಹೆಚ್ಚಾಗಿ ಮಗುವಿಗೆ, ಅಂದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ರೂಪದಲ್ಲಿತ್ತು. ಚಿಕ್ಕ ವಯಸ್ಸಿನವರು ಕಾಯಲಿ, ವಯಸ್ಸಾದವರು ಬೇಗ ಮುಗಿಸಿಕೊಳ್ಳಲಿ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅತಿ ಕಡಿಮೆ ಅಂತರದಿಂದ ತಾಯಿಯ ಜೀವಕ್ಕೇ ಅಪಾಯ ಹೆಚ್ಚಿದ್ದು ಮಾತ್ರ ವಯಸ್ಸಾದವರಲ್ಲಿ.

ಹೆರಿಗೆ ವೈದ್ಯೆ, ಹುಬ್ಬಳ್ಳಿ

ಇಪ್ಪತ್ತೆರಡು ವರ್ಷಗಳಿಂದ ಹೆರಿಗೆ ಮಾಡಿಸುತ್ತಿದ್ದೇನೆ. ಈ ಪ್ರಶ್ನೆ ಈಗ ವಾರಕ್ಕೆ ನಾಲ್ಕೈದು ಸಲ ಬರುತ್ತದೆ, ಮೊದಲು ವರ್ಷಕ್ಕೆ ನಾಲ್ಕೈದು ಸಲ ಬರುತ್ತಿತ್ತು.

ಮೊದಲು ದಾವಣಗೆರೆಯ ಅಕ್ಕನವರಿಗೆ. ಸಾವಿರಕ್ಕೆ 6 ಎಂದರೆ ಉಳಿದ 994 ತಾಯಂದಿರಿಗೆ ಅಂಥ ಗಂಭೀರ ತೊಂದರೆ ಆಗಲಿಲ್ಲವೆಂದೇ ಅರ್ಥ. ನೀವು ಆ 994ರಲ್ಲಿ ಒಬ್ಬರು. ಆದ್ದರಿಂದ ನಿಮ್ಮ ಅನುಭವವೂ ಆ ಅಧ್ಯಯನವೂ ಒಂದಕ್ಕೊಂದು ವಿರುದ್ಧವಾಗಿಲ್ಲ. ವೈದ್ಯರು ಕಾಯಿರಿ ಎನ್ನುವುದು ಆ ಆರರಲ್ಲಿ ಮೂವರನ್ನಾದರೂ ಉಳಿಸಿಕೊಳ್ಳಬಹುದೇ ಎಂಬ ಆಸೆಯಿಂದ, ಯಾರು ಆ ಆರರಲ್ಲಿ ಬೀಳುತ್ತಾರೆಂದು ಮೊದಲೇ ಹೇಳಲು ನಮಗೆ ಬರುವುದಿಲ್ಲವಾದ್ದರಿಂದ.

ಅಂತರವನ್ನು ಅಳೆಯುವುದರಲ್ಲಿ ಬಹಳ ಗೊಂದಲವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2005ರ ತಜ್ಞರ ಸಭೆಯು ಜೀವಂತ ಹೆರಿಗೆಯ ನಂತರ ಮುಂದಿನ ಗರ್ಭಕ್ಕೆ ಪ್ರಯತ್ನಿಸುವ ಮೊದಲು 24 ತಿಂಗಳು ಇರಲಿ ಎಂದಿತು. ಇದು ಹೆರಿಗೆಯಿಂದ ಗರ್ಭದವರೆಗಿನ ಅಂತರ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಹೇಳುವ ಮೂರು ವರ್ಷ ಹೆರಿಗೆಯಿಂದ ಹೆರಿಗೆಗೆ. 24ಕ್ಕೆ 9 ಸೇರಿಸಿದರೆ 33, ಅಂದರೆ ಎರಡೂ ಹೆಚ್ಚು ಕಡಿಮೆ ಒಂದೇ. ಮೂರು ವರ್ಷ ಕಾದು ಆಮೇಲೆ ಪ್ರಯತ್ನಿಸಬೇಕೆಂದು ತಿಳಿದು 39ಕ್ಕೆ ಬಂದು ಕುಳಿತವರನ್ನು ನೋಡಿ ಸಂಕಟಪಟ್ಟಿದ್ದೇನೆ.

ಈಗ ತೀರ್ಥಹಳ್ಳಿಯ ತಂಗಿ, ನಿಮ್ಮ ವಿಷಯ. ಈ 24 ತಿಂಗಳ ಮಾತು ಎಲ್ಲ ವಯಸ್ಸಿನವರಿಗೂ, ಅದರಲ್ಲೂ ಊಟ ಮತ್ತು ಆರೈಕೆ ಸಾಲದ ದೇಶಗಳ ತಾಯಂದಿರಿಗೂ ಸೇರಿಸಿ ಹೇಳಿದ್ದು. ಕೆನಡಾದ ಆ ಅಧ್ಯಯನದಲ್ಲಿ 12ರಿಂದ 24 ತಿಂಗಳ ಒಳಗಿನ ಅಂತರವೇ ಎಲ್ಲ ವಯಸ್ಸಿನವರಿಗೂ ಕ್ಷೇಮಕರವಾಗಿ ಕಂಡಿತ್ತು. ನಿಮ್ಮದು ಸಿಸೇರಿಯನ್. ಗರ್ಭಕೋಶದ ಗಾಯ ಮಾಗಿ ಗಟ್ಟಿಯಾಗಲು ಸಮಯ ಬೇಕು. ಮುಂದಿನ ಸಲ ಸಹಜ ಹೆರಿಗೆಗೆ ಪ್ರಯತ್ನಿಸುವುದಾದರೆ, ಎರಡು ಹೆರಿಗೆಗಳ ನಡುವೆ 18 ತಿಂಗಳಿಗಿಂತ ಕಡಿಮೆ ಇದ್ದಾಗ ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ಹೆಚ್ಚುತ್ತದೆ. ನನ್ನ ಬಳಿ ಬಂದಿದ್ದರೆ ಮಗಳಿಗೆ ಹದಿನೈದು ಹದಿನೆಂಟು ತಿಂಗಳಾಗಲಿ, ಆಗ ಆರಂಭಿಸಿ ಎನ್ನುತ್ತಿದ್ದೆ. ಅಂದರೆ ನೀವು ಇನ್ನೂ ಆರರಿಂದ ಒಂಬತ್ತು ತಿಂಗಳು ಕಾಯುತ್ತೀರಿ, ಆಗ ನಿಮಗೆ 37 ಆಗುತ್ತಿರುತ್ತದೆ.

ಈ ಒಂಬತ್ತು ತಿಂಗಳಲ್ಲಿ ಏನು ಕಳೆದುಹೋಗುತ್ತದೆ ಎಂಬುದು ನಿಮ್ಮ ಭಯ. ಆನ್ರಿ ಲೆರಿದಾನ್ ಎಂಬ ಫ್ರಾನ್ಸಿನ ವಿದ್ವಾಂಸರು 2004ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಸಹಜವಾಗಿ ಪ್ರಯತ್ನಿಸುವವರಲ್ಲಿ ಒಂದು ವರ್ಷದೊಳಗೆ ದಿನ ತುಂಬಿ ಮಗುವಾಗುವಂಥ ಗರ್ಭ ನಿಲ್ಲುವುದು 30ಕ್ಕೆ ಆರಂಭಿಸಿದವರಲ್ಲಿ 100ಕ್ಕೆ 75 ಮಂದಿಗೆ, 35ಕ್ಕೆ ಆರಂಭಿಸಿದವರಲ್ಲಿ 66 ಮಂದಿಗೆ, 40ಕ್ಕೆ ಆರಂಭಿಸಿದವರಲ್ಲಿ 44 ಮಂದಿಗೆ. ಇಳಿಜಾರು ಇದೆ, ಮುಂದೆ ಹೋದಂತೆ ಅದು ಕಡಿದಾಗುತ್ತದೆ. ಆದರೆ 36 ಮತ್ತು 37ರ ನಡುವೆ ಪ್ರಪಾತವಿಲ್ಲ. ಆರು ತಿಂಗಳು ಕಾಯುವುದು ಸರಿ, ಮೂರು ವರ್ಷ ಕಾಯುವುದು ಬೇಡ ಎಂದು ನಾನು ಹೇಳುವುದು ಇದರಿಂದಲೇ.

ಎಎಂಎಚ್ ವಿಷಯದಲ್ಲಿ ನಿಮ್ಮನ್ನು ಹೆದರಿಸಿದ್ದು ನನಗೆ ಸರಿ ಕಾಣಲಿಲ್ಲ. ಅಂಡಾಶಯದಲ್ಲಿ ಉಳಿದ ಅಂಡಾಣುಗಳ ಸಂಖ್ಯೆಯ ಅಂದಾಜನ್ನು ಅದು ಕೊಡುತ್ತದೆ, ಅಂಡಾಣುಗಳ ಗುಣವನ್ನಲ್ಲ. ಐವಿಎಫ್ ಚಿಕಿತ್ಸೆಯಲ್ಲಿ ಚುಚ್ಚುಮದ್ದಿಗೆ ಎಷ್ಟು ಅಂಡಾಣು ಸಿಗಬಹುದೆಂದು ತಿಳಿಯಲು ಅದು ಉಪಯುಕ್ತ. ಸಹಜವಾಗಿ ಗರ್ಭ ನಿಲ್ಲುವುದೇ ಇಲ್ಲವೇ ಎಂಬುದನ್ನು ಅದು ಹೇಳುವುದಿಲ್ಲವೆಂದು 2017ರಲ್ಲಿ, 30ರಿಂದ 44 ವಯಸ್ಸಿನವರಲ್ಲಿ ನಡೆದ ಅಧ್ಯಯನ ತೋರಿಸಿದೆ. ತಿಂಗಳಿಗೆ ಬೇಕಾಗುವುದು ಒಂದೇ ಅಂಡಾಣು.

ಗುಣ ಎಂದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಹೊಸದು ಒಂದೂ ಹುಟ್ಟುವುದಿಲ್ಲ. ಅಂದರೆ ಇಂದು ಬಿಡುಗಡೆಯಾಗುವ ನಿಮ್ಮ ಅಂಡಾಣುವಿಗೂ 36 ವರ್ಷ ದಾಟಿದೆ. ನಿಮ್ಮ ತಾಯಿ ನಿಮ್ಮನ್ನು ಹೊತ್ತಿದ್ದಾಗಲೇ ಅದು ಹುಟ್ಟಿತ್ತು. ಅದರೊಳಗೆ ಅಷ್ಟು ವರ್ಷ ಜೋಡಿಯಾಗಿ ನಿಂತಿದ್ದ, ವಂಶಗುಣಗಳನ್ನು ಹೊತ್ತ ವರ್ಣತಂತುಗಳು (ಕ್ರೋಮೋಸೋಮ್) ಬೇರ್ಪಡುವಾಗ ತಪ್ಪಾಗುವ ಸಂಭವ ವಯಸ್ಸಿನೊಂದಿಗೆ ಹೆಚ್ಚುತ್ತದೆ. ಗರ್ಭ ನಿಲ್ಲಲು ತಡವಾಗುವುದಕ್ಕೂ, ನಿಂತದ್ದು ಜಾರುವುದಕ್ಕೂ, ಡೌನ್ ಸಿಂಡ್ರೋಮ್‌ಗೂ ಮುಖ್ಯ ಕಾರಣ ಇದೇ. ನಾರ್ವೆಯ ದಾಖಲೆಗಳಲ್ಲಿ ಗರ್ಭ ತಾನಾಗಿ ಜಾರುವ ಪ್ರಮಾಣ 25ರಿಂದ 29ರ ವಯಸ್ಸಿನಲ್ಲಿ 100ಕ್ಕೆ 10ರಷ್ಟು ಇದ್ದರೆ 45ರ ನಂತರ ಅರ್ಧಕ್ಕಿಂತ ಹೆಚ್ಚು. ಒಂದು ಸಲ ಗರ್ಭ ಜಾರಿದರೆ ಆಗುವ ದುಃಖದ ಜೊತೆಗೆ ಕೆಲವು ತಿಂಗಳುಗಳೂ ಹೋಗುತ್ತವೆ. ಈ ವಯಸ್ಸಿನ ಯೋಜನೆಯಲ್ಲಿ ಅದಕ್ಕೂ ಜಾಗ ಬಿಟ್ಟುಕೊಂಡಿರಬೇಕು.

ತೀರ್ಥಹಳ್ಳಿಯ ಮಗಳು

ಡಾಕ್ಟರಮ್ಮನವರಿಗೆ ಮತ್ತು ಎಲ್ಲರಿಗೂ ಕೃತಜ್ಞತೆಗಳು. ಕಳೆದ ವಾರ ಅಜ್ಜನ ಮನೆಗೆ ಹೋಗಿದ್ದೆ. ಅಜ್ಜಯ್ಯ ಅಡಿಕೆ ವ್ಯಾಪಾರದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮಕ್ಕಳ ಜನನವನ್ನು ಬರೆದಿಟ್ಟಿದ್ದಾರೆ. ಪಾರ್ಥಿವ ಸಂವತ್ಸರದಿಂದ ಸಾಧಾರಣ ಸಂವತ್ಸರದವರೆಗೆ, ತಿಥಿ, ನಕ್ಷತ್ರ, ಗಳಿಗೆ ಸಮೇತ ಹತ್ತು ಸಾಲುಗಳು. ಇಸವಿಗೆ ಹೊಂದಿಸಿ ನೋಡಿದರೆ 1945ರಿಂದ 1970. ಅಜ್ಜಿಗೆ ಆಗ ಎಷ್ಟು ವಯಸ್ಸೆಂದು ಲೆಕ್ಕ ಹಾಕಿದೆ: 17, 19, 22, 24, 26, 29, 32, 35, 38, 42. ನನ್ನ ತಾಯಿ ಎಂಟನೆಯವರು.

ದೊಡ್ಡಮ್ಮ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. 38 ಮತ್ತು 42ರ ನಡುವೆ ಎರಡು ಸಲ ಗರ್ಭ ಇಳಿದುಹೋಗಿತ್ತು, ಎರಡನೆಯ ಸಲ ಅಜ್ಜಿ ತಿಂಗಳುಗಟ್ಟಲೆ ಏಳಲಾಗದೆ ಮಲಗಿದ್ದರು, ಅಡುಗೆಯೆಲ್ಲ ನಾನೇ ಮಾಡುತ್ತಿದ್ದೆ ಎಂದು ಅವರು ಹೇಳಿದರು. ಅದು ಪುಸ್ತಕದಲ್ಲಿ ಇಲ್ಲ. ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ.

ಜನಸಂಖ್ಯಾ ಅಧ್ಯಯನದ ವಿದ್ಯಾರ್ಥಿ, ಧಾರವಾಡ

ಇದನ್ನು ಬರೆದು ಹಾಕಿದ್ದಕ್ಕೆ ನಿಮಗೆ ಮನಸಾರೆ ವಂದನೆಗಳು. ಒಂದು ಮನೆಯ ಹತ್ತು ಸಾಲುಗಳಲ್ಲಿ ನಾವು ಓದುವ ಶಾಸ್ತ್ರವೇ ಕಾಣುತ್ತಿದೆ. ಮೊದಲ ಹೆರಿಗೆಗಳ ನಡುವೆ ಎರಡರಿಂದ ಮೂರು ವರ್ಷ, ಕೊನೆಯದಕ್ಕೆ ನಾಲ್ಕು ವರ್ಷ. ಸಹಜ ಫಲವತ್ತತೆಯ ಸಮಾಜಗಳಲ್ಲೆಲ್ಲ ಕೊನೆಯ ಅಂತರ ಹೀಗೆ ಉದ್ದವಾಗುತ್ತದೆ.

ಹೆರಿಗೆಯಿಂದ ಹೆರಿಗೆಯ ಅಂತರವನ್ನು ನಾಲ್ಕು ತುಂಡುಗಳಾಗಿ ನೋಡುತ್ತಾರೆ. ಹೆತ್ತ ಮೇಲೆ ಮುಟ್ಟು ಮರಳುವವರೆಗಿನ ಕಾಲ, ಮರಳಿದ ಮೇಲೆ ಗರ್ಭ ನಿಲ್ಲಲು ಹಿಡಿಯುವ ಕಾಲ, ನಡುವೆ ಗರ್ಭ ಇಳಿದರೆ ಅದರಲ್ಲಿ ಕಳೆಯುವ ಕಾಲ, ಕೊನೆಗೆ ಒಂಬತ್ತು ತಿಂಗಳು. ನಿಮ್ಮ ಅಜ್ಜಿಯ ಇಪ್ಪತ್ತರ ಹರೆಯದಲ್ಲಿ ಮೊದಲನೆಯ ತುಂಡೇ ದೊಡ್ಡದಾಗಿದ್ದಿರಬೇಕು, ಏಕೆಂದರೆ ಎರಡು ವರ್ಷದವರೆಗೆ ಎದೆಹಾಲು ಕೊಡುವುದು ಆಗ ವಾಡಿಕೆ, ಜೊತೆಗೆ ಬಾಣಂತಿ ತವರಿನಲ್ಲಿ ಹಲವು ತಿಂಗಳು ಉಳಿಯುತ್ತಿದ್ದಳು. 38ರ ನಂತರ ಎರಡನೆಯ ಮತ್ತು ಮೂರನೆಯ ತುಂಡುಗಳು ಬೆಳೆದವು. ದೊಡ್ಡಮ್ಮನ ನೆನಪು ಆ ಮೂರನೆಯ ತುಂಡನ್ನು ತುಂಬಿಕೊಟ್ಟಿದೆ.

ಎದೆಹಾಲಿನ ಬಲ ಎಷ್ಟೆಂಬುದಕ್ಕೆ ಆಫ್ರಿಕಾದ ಕಲಹಾರಿ ಮರುಭೂಮಿಯ ಕುಂಗ್ ಜನರ ಉದಾಹರಣೆ ಇದೆ. ಅವರ ತಾಯಂದಿರು ಕೂಸನ್ನು ಸದಾ ಮೈಗೆ ಕಟ್ಟಿಕೊಂಡು, ಗಂಟೆಗೆ ಹಲವು ಸಲ ಒಂದೆರಡು ನಿಮಿಷ ಹಾಲು ಕೊಡುತ್ತಿದ್ದರೆಂದು ಕಾನರ್ ಮತ್ತು ವರ್ತ್‌ಮನ್ ಎಂಬ ಸಂಶೋಧಕರು 1980ರಲ್ಲಿ ಬರೆದರು. ಯಾವ ಮಾತ್ರೆಯೂ ಇಲ್ಲದೆ ಅವರಲ್ಲಿ ಹೆರಿಗೆಗಳ ಅಂತರ ಸುಮಾರು ನಾಲ್ಕು ವರ್ಷ ಇತ್ತು. ಹಟರೈಟರು ಬೇಗ ಮೇಲೂಟ ಕೊಡುತ್ತಿದ್ದರು, ಅವರಲ್ಲಿ ಅಂತರ ಸುಮಾರು ಎರಡು ವರ್ಷ.

ರಾಮನಗರದ ನಿವೃತ್ತ ಶಿಕ್ಷಕಿ

ಮಕ್ಕಳ ನಡುವಿನ ಅಂತರದ ಚರ್ಚೆ ನಮ್ಮ ನಾಡಿಗೆ ಹೊಸದಲ್ಲ ಎಂಬುದನ್ನು ನೆನಪಿಸಲು ಬಯಸುತ್ತೇನೆ. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತ್ತು. ಸ್ವಾತಂತ್ರ್ಯದ ನಂತರ, 1952ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಡಾ. ಏಬ್ರಹಾಂ ಸ್ಟೋನ್ ಅವರ ಮಾರ್ಗದರ್ಶನದಲ್ಲಿ ದಿನ ಲೆಕ್ಕ ಹಾಕುವ ವಿಧಾನದ ಪ್ರಯೋಗ ನಡೆದದ್ದು ನಮ್ಮ ರಾಮನಗರದಲ್ಲಿ ಮತ್ತು ದೆಹಲಿಯ ಲೋದಿ ಕಾಲೊನಿಯಲ್ಲಿ. ಹೆಂಗಸರಿಗೆ ಹಸಿರು ಮತ್ತು ಕೆಂಪು ಮಣಿಗಳ ಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸಲು ಹೇಳಿ, ಗರ್ಭ ನಿಲ್ಲಬಹುದಾದ ಕೆಂಪು ಮಣಿಯ ದಿನ ಗಂಡನಿಂದ ದೂರವಿರಬೇಕೆಂದು ತಿಳಿಸಲಾಗಿತ್ತು.

ಆ ವಿಧಾನ ಹೆಚ್ಚು ಜನರಿಗೆ ಒದಗಲಿಲ್ಲ. ಮುಟ್ಟು ಗಡಿಯಾರದಂತೆ ಬರುವವರಿಗೆ ಮಾತ್ರ ಮಣಿಯ ಲೆಕ್ಕ ಹೊಂದುತ್ತದೆ. ಮೊಲೆಯುಣಿಸುವ ತಾಯಿಗೂ ನಲವತ್ತರ ಹತ್ತಿರದವಳಿಗೂ ದಿನ ಹಿಂದುಮುಂದಾಗುತ್ತದೆ. ಈಗ ಫೋನಿನ ಆ್ಯಪ್‌ಗಳಲ್ಲಿ ಅದೇ ಲೆಕ್ಕವನ್ನು ನಂಬುವ ಹೆಣ್ಣುಮಕ್ಕಳು ಈ ಮಿತಿಯನ್ನು ಮರೆಯಬಾರದು.

ಆಶಾ ಕಾರ್ಯಕರ್ತೆ, ಚಾಮರಾಜನಗರ ಜಿಲ್ಲೆ

ನಾನು ನೋಡುವ ಮನೆಗಳಲ್ಲಿ ಸಮಸ್ಯೆ ಇದಕ್ಕೆ ತಲೆಕೆಳಗು. ಹತ್ತೊಂಬತ್ತಕ್ಕೆ ಮದುವೆ, ಇಪ್ಪತ್ತಕ್ಕೆ ಒಂದು, ಇಪ್ಪತ್ತೊಂದೂವರೆಗೆ ಇನ್ನೊಂದು, ಇಪ್ಪತ್ತನಾಲ್ಕರೊಳಗೆ ಆಪರೇಷನ್. ಅವಸರಕ್ಕೆ ಕಾರಣವೇ ಇಲ್ಲದ ವಯಸ್ಸಿನಲ್ಲಿ ಅಂತರವಿಲ್ಲದೆ ಹೆತ್ತು, ಫಲವತ್ತತೆಯ ಹದಿನೈದು ವರ್ಷ ಬಾಕಿ ಇರುವಾಗಲೇ ಬಾಗಿಲು ಮುಚ್ಚುತ್ತಾರೆ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಬರೆಯುವಾಗ 8, 8.5 ಎಂದು ಬರೆದು ಬರೆದು ನನಗೆ ಬೇಸರವಾಗಿದೆ. ಮೊದಲ ಹೆರಿಗೆಯಲ್ಲಿ ಹೋದ ರಕ್ತ ತುಂಬುವ ಮೊದಲೇ ಎರಡನೆಯದು ಕುಡಿಯಲು ಬರುತ್ತದೆ. ಇಬ್ಬರ ನಡುವೆ ಮೂರು ವರ್ಷ ಅಂತರ ಇಡಿಸಿದರೆ ನಮಗೆ 500 ರೂಪಾಯಿ ಪ್ರೋತ್ಸಾಹಧನವೂ ಇದೆ, ಆದರೆ ಅತ್ತೆಯ ಒಂದು ಮಾತಿನ ಮುಂದೆ ನನ್ನ ಹತ್ತು ಭೇಟಿಗಳು ನಿಲ್ಲುವುದಿಲ್ಲ.

ಅಕ್ಕಾ, ನೀವು ಕಾಯುವ ತಿಂಗಳುಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ‘ಅಂತರ’ ಎಂಬ ಗರ್ಭನಿರೋಧಕ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ಮೂರು ತಿಂಗಳಿಗೊಂದು, ಎದೆಹಾಲಿಗೆ ತೊಂದರೆಯಿಲ್ಲ.

ಹೆರಿಗೆ ವೈದ್ಯೆ, ಹುಬ್ಬಳ್ಳಿ

ಆಶಾ ಸಹೋದರಿಯವರ ಮಾತು ಅವರ ಊರಿನ ಹೆಣ್ಣುಮಕ್ಕಳಿಗೆ ನೂರಕ್ಕೆ ನೂರು ಸರಿ. ಆದರೆ 36ರ ಈ ತಾಯಿಗೆ ಅಂತರ ಚುಚ್ಚುಮದ್ದನ್ನು ನಾನು ಸೂಚಿಸುವುದಿಲ್ಲ. ಅದನ್ನು ನಿಲ್ಲಿಸಿದ ಮೇಲೆ ಅಂಡಾಣು ಬಿಡುಗಡೆ ಮರಳಲು ಕೊನೆಯ ಚುಚ್ಚುಮದ್ದಿನಿಂದ ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಇಪ್ಪತ್ತೆರಡರ ಹುಡುಗಿಗೆ ಅದು ಲೆಕ್ಕವಲ್ಲ, 37ರ ಹೆಂಗಸಿಗೆ ಅದು ದೊಡ್ಡ ನಷ್ಟ. ವಂಕಿ (ಕಾಪರ್-ಟಿ) ಹಾಕಿಸಿಕೊಂಡರೆ ತೆಗೆಸಿದ ತಿಂಗಳಿನಿಂದಲೇ ಗರ್ಭ ನಿಲ್ಲಬಹುದು. ಕೆಲವೇ ತಿಂಗಳ ಮಾತಾದರೆ ನಿರೋಧ್ ಸಾಕು, ಆದರೆ ಒಂದು ದಿನವೂ ತಪ್ಪಬಾರದು.

ವ್ಯಾಂಕೂವರ್ ಸಹೋದರಿ ಬರೆದದ್ದನ್ನು ಎಲ್ಲ ಬಾಣಂತಿಯರೂ ಗಮನಿಸಬೇಕು. ಎದೆಹಾಲು ಗರ್ಭವನ್ನು ತಡೆಯುತ್ತದೆ ಎಂಬುದು ನಿಜ, ಆದರೆ ಮೂರು ಷರತ್ತುಗಳೊಂದಿಗೆ: ಮುಟ್ಟು ಮರಳಿರಬಾರದು, ಮಗುವಿಗೆ ಹಗಲೂ ರಾತ್ರಿಯೂ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮಗುವಿಗೆ ಆರು ತಿಂಗಳು ತುಂಬಿರಬಾರದು. 1988ರಲ್ಲಿ ಇಟಲಿಯ ಬೆಲ್ಲಾಜಿಯೋದಲ್ಲಿ ಸೇರಿದ್ದ ತಜ್ಞರು ಒಪ್ಪಿದ ಮಾತಿದು. ಮೂರೂ ಕೂಡಿದ್ದರೆ 100ಕ್ಕೆ 98ರಷ್ಟು ರಕ್ಷಣೆ. ಒಂದು ತಪ್ಪಿದರೂ ನಂಬುವಂತಿಲ್ಲ. ರಾಗಿ ಸರಿ ಆರಂಭಿಸಿದ ದಿನದಿಂದಲೇ ಬೇರೆ ವಿಧಾನ ಬೇಕು. ಮೊದಲ ಮುಟ್ಟು ಬರುವುದಕ್ಕೆ ಎರಡು ವಾರ ಮುಂಚೆಯೇ ಅಂಡಾಣು ಬಿಡುಗಡೆಯಾಗಿರಬಹುದು. ಆದ್ದರಿಂದ ಮುಟ್ಟನ್ನೇ ನೋಡದೆ ಮತ್ತೆ ಬಸುರಾದವರು ನನ್ನ ಬಳಿ ಎಷ್ಟೋ ಮಂದಿ ಬಂದಿದ್ದಾರೆ.

ಇಬ್ಬರು ಮಕ್ಕಳ ತಂದೆ, ಮೈಸೂರು

ಇಷ್ಟು ಹೊತ್ತಿನ ಚರ್ಚೆಯಲ್ಲಿ ಗಂಡಸಿನ ಮಾತೇ ಬಂದಿಲ್ಲ. ಮೊದಲ ಮಗು ತಾನಾಗಿ ಆದ ಮೇಲೆ ಎರಡನೆಯದಕ್ಕೆ ನಾವು ಎರಡೂವರೆ ವರ್ಷ ಒದ್ದಾಡಿದೆವು. ಅಷ್ಟೂ ಕಾಲ ಪರೀಕ್ಷೆಯೆಲ್ಲ ನನ್ನ ಹೆಂಡತಿಗೇ. ಕೊನೆಗೆ ನನ್ನ ವೀರ್ಯಪರೀಕ್ಷೆ ಮಾಡಿಸಿದಾಗ ತೊಂದರೆ ನನ್ನಲ್ಲಿ ಎಂದು ತಿಳಿಯಿತು. ಒಂದು ಮಗು ಆಗಿದೆಯೆಂದರೆ ಗಂಡಸಿನಲ್ಲಿ ದೋಷವಿಲ್ಲ ಎಂದು ನಾನೇ ನಂಬಿಕೊಂಡಿದ್ದೆ. ಅವಳ ಎರಡು ವರ್ಷಗಳನ್ನು ನನ್ನ ಸಂಕೋಚ ನುಂಗಿತು ಎಂಬುದನ್ನು ನೆನೆದರೆ ಇಂದಿಗೂ ನೋವಾಗುತ್ತದೆ. ದಯವಿಟ್ಟು ನಿಮ್ಮ ಯಜಮಾನರ ಪರೀಕ್ಷೆಯನ್ನೂ ಮೊದಲೇ ಮಾಡಿಸಿ. ಖರ್ಚು ಕಡಿಮೆ, ನೋವಿಲ್ಲ.

ತೀರ್ಥಹಳ್ಳಿಯ ಮಗಳು

ಈ ಚರ್ಚೆಯನ್ನು ಮೊದಲಿನಿಂದ ಕೊನೆಯವರೆಗೆ ಯಜಮಾನರಿಗೆ ಓದಿ ಹೇಳಿದೆ. ಆಮೇಲೆ ಅತ್ತೆಯವರೊಂದಿಗೂ ಕುಳಿತು ಮಾತನಾಡಿದೆ. ಅಜ್ಜಿಯ ಹತ್ತು ವಯಸ್ಸುಗಳನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ತಮಗೂ ನನ್ನ ಯಜಮಾನರ ನಂತರ ಎರಡು ಸಲ ಗರ್ಭ ಇಳಿದುಹೋಗಿತ್ತೆಂದು ಹೇಳಿದರು. ಅವರು ಅವಸರ ಮಾಡುತ್ತಿದ್ದುದು ನನಗೂ ಹಾಗಾದೀತೆಂಬ ಭಯದಿಂದ.

ಮಗಳಿಗೆ ಹದಿನೇಳು ತಿಂಗಳು ತುಂಬುವವರೆಗೆ ಕಾಯುವುದೆಂದು ನಿಶ್ಚಯಿಸಿದ್ದೇವೆ. ನನ್ನ ಹಿಮೋಗ್ಲೋಬಿನ್ 9.6 ಇದೆ, ಅದನ್ನು ಮೊದಲು ಸರಿಮಾಡಿಕೊಳ್ಳಬೇಕು. ಯಜಮಾನರ ಪರೀಕ್ಷೆ ಮುಂದಿನ ಶನಿವಾರ. ಡಾಕ್ಟರಮ್ಮ, ಎರಡು ಪ್ರಶ್ನೆಗಳು ಉಳಿದಿವೆ. ಪ್ರಯತ್ನ ಆರಂಭಿಸುವ ಮೊದಲು ಮಗಳಿಗೆ ಎದೆಹಾಲು ಬಿಡಿಸಬೇಕೇ? ಆರಂಭಿಸಿದ ಮೇಲೆ ಎಷ್ಟು ತಿಂಗಳು ನೋಡಿ ಮತ್ತೆ ವೈದ್ಯರ ಬಳಿ ಹೋಗಬೇಕು?

ಹೆರಿಗೆ ವೈದ್ಯೆ, ಹುಬ್ಬಳ್ಳಿ

ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತಿದ್ದರೆ ಹಾಲು ಬಿಡಿಸುವ ಅಗತ್ಯವಿಲ್ಲ, ಎರಡು ವರ್ಷ ತುಂಬುವವರೆಗೂ ಅದು ಮಗಳ ಹಕ್ಕು. ಹದಿನೇಳು ತಿಂಗಳಾದರೂ ಮುಟ್ಟು ಮರಳದಿದ್ದರೆ ಅಥವಾ ಹಿಂದುಮುಂದಾಗುತ್ತಿದ್ದರೆ ಮೊದಲು ರಾತ್ರಿಯ ಹಾಲನ್ನು ನಿಧಾನವಾಗಿ ಕಡಿಮೆ ಮಾಡಿ. ಅಂಡಾಣು ಬಿಡುಗಡೆಯನ್ನು ಹೆಚ್ಚು ತಡೆಯುವುದು ರಾತ್ರಿಯ ಮೊಲೆಯೂಡಿಕೆಯೇ.

35 ದಾಟಿದವರು ಆರು ತಿಂಗಳು ಪ್ರಯತ್ನಿಸಿ ಆಗದಿದ್ದರೆ ಬರಬೇಕು. ಚಿಕ್ಕವರಿಗೆ ಹೇಳುವ ಒಂದು ವರ್ಷದ ಗಡುವು ನಿಮಗಲ್ಲ. ಕಬ್ಬಿಣಾಂಶದ ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದೊಂದಿಗೆ ತೆಗೆದುಕೊಳ್ಳಿ, ಅದರ ಹಿಂದೆ ಮುಂದೆ ಒಂದು ಗಂಟೆ ಕಾಫಿ ಬೇಡ. ನಮ್ಮ ಕಡೆ ಊಟವಾದ ತಕ್ಷಣ ಲೋಟ ಹಿಡಿಯುವ ಅಭ್ಯಾಸದಿಂದ ಅರ್ಧ ಕಬ್ಬಿಣ ವ್ಯರ್ಥವಾಗುತ್ತದೆ. ಎರಡು ತಿಂಗಳ ನಂತರ ರಕ್ತಪರೀಕ್ಷೆ ಮತ್ತೊಮ್ಮೆ ಮಾಡಿಸಿ. ಜೊತೆಗೆ ಥೈರಾಯ್ಡ್, ಸಕ್ಕರೆ, ರಕ್ತದೊತ್ತಡ ನೋಡಿಸಿ, ಈ ವಯಸ್ಸಿನ ಗರ್ಭದಲ್ಲಿ ಸಕ್ಕರೆಯೂ ರಕ್ತದೊತ್ತಡವೂ ಹೆಚ್ಚು ಏರುತ್ತವೆ. ಫೋಲಿಕ್ ಆಮ್ಲದ ಮಾತ್ರೆಯನ್ನು ಪ್ರಯತ್ನಕ್ಕೆ ಒಂದೆರಡು ತಿಂಗಳು ಮೊದಲೇ ಆರಂಭಿಸಬೇಕು. ಅಂದರೆ ಮಗಳಿಗೆ ಹದಿನೈದು ತಿಂಗಳು ತುಂಬಿದ ದಿನದಿಂದ.